ಆರೋಗ್ಯ ಪ್ರಶ್ನೋತ್ತರ: ಸುಟ್ಟ ಕಾಯಿಲ್, ಸೋರುವ ಟ್ಯಾಂಕ್

ವಿಜಯಪುರ ಜಿಲ್ಲೆಯಿಂದ ತಂಬಾಕಿನ ಬಗ್ಗೆ ಪ್ರಶ್ನೆ ಬಂತೆಂದರೆ ಅದು ಗುಟ್ಕಾ, ಮಾವಾ, ಬೀಡಿಯದ್ದೇ ಆಗಿರುತ್ತಿತ್ತು. ಈ ಸಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪತ್ರಗಳು ವೇಪ್, ಅಂದರೆ ಇ-ಸಿಗರೇಟಿನ ಕುರಿತಾಗಿವೆ. ಮಾರಾಟ ನಿಷೇಧವಾದ ವಸ್ತು. ಕೆಟ್ಟರೆ ಕೇಳಲು ಅಂಗಡಿಯಿಲ್ಲ, ಮನೆಯಲ್ಲಿ ಹೇಳುವಂತಿಲ್ಲ. ಹಾಗಾಗಿ ಪ್ರಶ್ನೆ ವೈದ್ಯರ ತನಕ ಬಂದಿದೆ. ಬಂದದ್ದು ಒಳ್ಳೆಯದೇ ಆಯಿತು. ಹೆಸರು ಬಿಟ್ಟು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ವಯಸ್ಸು 23. ಬೀಡಿ, ಸಿಗರೇಟ್ ಮುಟ್ಟಿದವ ಅಲ್ಲ. ಸೋಲಾಪುರದಾಗ ಕೆಲಸಕ್ಕಿದ್ದಾಗ ಗೆಳೆಯನ ಕಡಿಂದ ವೇಪ್ ತಗೊಂಡೆ. ಹೊಸ ಕಾಯಿಲ್ ಹಾಕಿ ಟ್ಯಾಂಕ್ ತುಂಬಿ ಜಗ್ಗಿದ್ರ ಸುಟ್ಟ ಹತ್ತಿ ವಾಸನಿ ಬಂದು ಗಂಟಲು ಹಿಡೀತದ. ಎರಡು ಕಾಯಿಲ್ ಹಿಂಗ ಆದ್ವು. ಒಮ್ಮೊಮ್ಮೆ ಗುಳುಗುಳು ಸಪ್ಪಳಾಗಿ ಬಿಸಿ ಹನಿ ನಾಲಿಗಿಗೆ ಸಿಡೀತದ. ತಪ್ಪು ಯಾತರದು? ಎದಿಗೆ ಏನರ ಆಗ್ತದೇನ್ರಿ?
— ಇಂಡಿ

ಉತ್ತರ: ಸುಟ್ಟ ರುಚಿ ಬಂದ ಕಾಯಿಲ್‌ನಲ್ಲಿ ಇನ್ನೊಂದು ದಮ್ಮೂ ಎಳೆಯಬೇಡಿ. ಜಗ್ಗುತ್ತಾ ಹೋದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳಬಹುದು. ಕರಕಲಾದ ಹತ್ತಿ ಸರಿಹೋಗುವುದಿಲ್ಲ.

ಕಾಯಿಲ್ ಎಂದರೆ ಸುರುಳಿ ಸುತ್ತಿದ ಮಿಶ್ರಲೋಹದ ತಂತಿ, ಅದಕ್ಕೆ ಒತ್ತಿಕೊಂಡ ಹತ್ತಿ. ಟ್ಯಾಂಕಿನಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ ದ್ರವ. ಅದು ಹತ್ತಿಗೆ ಇಳಿದು, ತಂತಿಯ ಬಿಸಿಗೆ ಆವಿಯಾಗಿ ನಿಮ್ಮ ಬಾಯಿಗೆ ಬರುತ್ತದೆ. ದೀಪದ ಬತ್ತಿಯ ಲೆಕ್ಕವೇ ಇದು: ಎಣ್ಣೆಯಿರುವ ತನಕ ಉರಿಯುವುದು ಎಣ್ಣೆ, ಎಣ್ಣೆ ತೀರಿದ ಮೇಲೆ ಸುಡುವುದು ಬತ್ತಿ. ಹತ್ತಿ ನೆನೆದಿರುವಾಗ ದ್ರವವೇ ಬಿಸಿಯನ್ನು ಹೀರಿಕೊಳ್ಳುತ್ತದೆ. ಒಣಗಿದ ಕೂಡಲೇ ತಂತಿಯ ಶಾಖ ಒಮ್ಮೆಲೇ ಏರುತ್ತದೆ. ಹೊಸ ಕಾಯಿಲ್‌ನ ಹತ್ತಿ ಪೂರ್ತಿ ನೆನೆಯುವ ಮೊದಲೇ ಜಗ್ಗುವುದು, ಮೇಲಿಂದ ಮೇಲೆ ದಮ್ಮೆಳೆಯುವುದು, ಕಾಯಿಲ್ ತಾಳುವುದಕ್ಕಿಂತ ಹೆಚ್ಚು ವ್ಯಾಟ್ ಇಡುವುದು, ಗ್ಲಿಸರಿನ್ ಜಾಸ್ತಿಯಿರುವ ಮಂದ ದ್ರವವನ್ನು ಸಣ್ಣ ತೂತಿನ ಕಾಯಿಲ್‌ಗೆ ಹಾಕುವುದು, ಇವಿಷ್ಟೂ ಅದಕ್ಕೆ ಕಾರಣ. ಗುಳುಗುಳು ಸಪ್ಪಳ ಇದರ ಉಲ್ಟಾ. ದ್ರವ ಹೆಚ್ಚಾಗಿ ಕಾಯಿಲ್‌ನ ನಡುವಿನ ಗಾಳಿದಾರಿಗೆ ತುಂಬಿಕೊಂಡಿದೆ, ಅದು ಕುದಿದು ಸಿಡಿಯುತ್ತಿದೆ.

ಕಾರಣ ತಿಳಿದುಕೊಂಡು ನೀವು ಮೂರನೇ ಕಾಯಿಲ್ ಸುಡದಂತೆ ನೋಡಿಕೊಳ್ಳಬಹುದು. ಆದರೆ ಸುಡದ ಕಾಯಿಲ್ ಕೂಡ ಎದೆಗೆ ಒಳ್ಳೆಯದಲ್ಲ. ನಿಮಗೆ ನಾನು ಹೇಳಬೇಕಿರುವುದು ಇದನ್ನೇ.

ಗ್ಲಿಸರಿನ್ ಅತಿಯಾಗಿ ಕಾದರೆ ಅಕ್ರೋಲಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಭಜಿ ಕರಿಯುವ ಎಣ್ಣೆ ಮಿತಿಮೀರಿ ಕಾದಾಗ ಕಣ್ಣು, ಗಂಟಲು ಉರಿಸುವ ಹೊಗೆಯಲ್ಲಿರುವುದೂ ಅದೇ. ಜೊತೆಗೆ ಫಾರ್ಮಾಲ್ಡಿಹೈಡ್ ಬರುತ್ತದೆ, ಅದು ಕ್ಯಾನ್ಸರ್‌ಕಾರಕ. ಕಾಯಿಲ್ ಒಣಗಿದಾಗ ಇವು ವಿಪರೀತ ಏರುತ್ತವೆ. ನಿಮ್ಮ ಗಂಟಲು ಹಿಡಿದದ್ದು ಅದಕ್ಕೇ. ಇನ್ನು ತಂತಿಯ ಲೋಹ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನಿತ್ಯ ವೇಪ್ ಮಾಡುವವರ ಸಾಧನಗಳನ್ನೇ ಪರೀಕ್ಷಿಸಿದರು. ಬಾಟಲಿಯಲ್ಲಿದ್ದ ದ್ರವಕ್ಕಿಂತ, ಕಾಯಿಲ್ ದಾಟಿ ಬಂದ ಆವಿಯಲ್ಲಿ ಸೀಸ, ಕ್ರೋಮಿಯಂ, ನಿಕೆಲ್ ಬಹಳ ಹೆಚ್ಚು ಕಂಡವು. ಆ ಸಾಧನಗಳು ಕೆಟ್ಟವೇನಲ್ಲ, ಜನ ದಿನವೂ ಬಳಸುತ್ತಿದ್ದಂಥವು.

ಮತ್ತೊಂದು ಮಾತು. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡುತ್ತಿದ್ದ ಹುಡುಗರು, ಹುಡುಗಿಯರು ಉಸಿರು ಸಿಗದೆ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣ, 68 ಸಾವು. ಬಹುಪಾಲು ಪ್ರಕರಣಗಳ ಹಿಂದೆ ಕಳ್ಳದಾರಿಯಲ್ಲಿ ಬಂದ ಗಾಂಜಾ ಅಂಶದ ದ್ರವ ಮತ್ತು ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಇತ್ತು. ನಿಮ್ಮ ದ್ರವದಲ್ಲಿ ಅದಿದೆ ಎನ್ನುತ್ತಿಲ್ಲ. ಆದರೆ ನಮ್ಮ ದೇಶದಲ್ಲಿ ಮಾರುವ ಪ್ರತಿ ಬಾಟಲಿಯೂ ಕಳ್ಳದಾರಿಯದ್ದೇ. ಲೇಬಲ್ ಮೇಲೆ ಬರೆದದ್ದೇ ಒಳಗಿದೆ ಎಂದು ಹೊಣೆ ಹೊರುವವರು ಯಾರೂ ಇಲ್ಲ. ಏದುಸಿರು, ಎದೆನೋವು, ಕೆಮ್ಮಿನ ಜೊತೆ ಜ್ವರ, ವಾಂತಿ, ಭೇದಿ ಶುರುವಾದರೆ ತಡಮಾಡದೆ ಇಂಡಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿ, ವೇಪ್ ಮಾಡುತ್ತೇನೆಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ವೈದ್ಯರು ನ್ಯುಮೋನಿಯಾ ಎಂದೇ ಚಿಕಿತ್ಸೆ ಕೊಟ್ಟಾರು, ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು.

ನೀವು ಸಿಗರೇಟನ್ನೇ ಸೇದದವರು. ಇಲ್ಲದ ಚಟವೊಂದನ್ನು ಹೊಸದಾಗಿ ಕಟ್ಟಿಕೊಳ್ಳುತ್ತಿದ್ದೀರಿ. ಈಗಿನ್ನೂ ಶುರು, ಬಿಡುವುದು ಸುಲಭ. ದಯವಿಟ್ಟು ಮೂರನೇ ಕಾಯಿಲ್ ತರಬೇಡಿ.

ಪ್ರಶ್ನೆ: ಕಾಯಿಲ್, ಬ್ಯಾಟರಿ ಎಲ್ಲಿ ಸಿಗ್ತಾವ? ತರಿಸಿದ್ರ ಕೇಸ್ ಆಗ್ತದೇನು?
— ಸಿಂದಗಿ

ಉತ್ತರ: ಎಲ್ಲಿ ಸಿಗುತ್ತದೆಂದು ನಾನು ಹೇಳಲಾರೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಲ್ಲಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಯ್ದೆ ಬಂತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನಿಗೂ ಬೇರೆ ಶಿಕ್ಷೆಯಿದೆ.

ಪ್ರಶ್ನೆ: ನನ್ನ ತಮ್ಮನ ವೇಪ್ ಟ್ಯಾಂಕ್ ಸೋರಿ ಅಂಗಿ ಕಿಸೆ ತೊಯ್ದಿತ್ತು. ಒಗೆಯುವಾಗ ನನ್ನ ಕೈಗೆಲ್ಲ ಹತ್ತಿತು, ಆಮೇಲೆ ತಲೆ ತಿರುಗಿ ಹೊಟ್ಟೆ ತೊಳೆಸಿತು. ಮನೆಯಲ್ಲಿ ಎರಡು ವರ್ಷದ ಮಗುವಿದೆ.
— ಮುದ್ದೇಬಿಹಾಳ

ಉತ್ತರ: ನಿಮ್ಮ ಪತ್ರ ಓದಿ ಆತಂಕವಾಯಿತು, ಮಗುವಿನ ಕಾರಣಕ್ಕೆ.

ನಿಕೋಟಿನ್ ಚರ್ಮದ ಮೂಲಕವೂ ರಕ್ತ ಸೇರುತ್ತದೆ. ಹಸಿ ತಂಬಾಕಿನ ಎಲೆ ಕೀಳುವ ಕೂಲಿಯವರಿಗೆ ಬೆಳಗಿನ ತೇವದಲ್ಲಿ ವಾಂತಿ, ತಲೆಸುತ್ತು ಬರುವುದು ಇದೇ ಕಾರಣಕ್ಕೆ. ಕೈಗೆ ತಾಗಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಟ್ಯಾಂಕ್ ಸೋರುವುದು ರಬ್ಬರ್ ಉಂಗುರ ಸವೆದಾಗ, ತಿರುಪು ಸರಿಯಾಗಿ ಕೂರದಿದ್ದಾಗ. ನಮ್ಮ ಕಡೆಯ ಬೇಸಿಗೆಯಲ್ಲಿ ದ್ರವ ತೆಳುವಾಗಿ ಇನ್ನಷ್ಟು ಸೋರುತ್ತದೆ.

ಈಗ ಲೆಕ್ಕ ನೋಡಿ. ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಇರುವ ದ್ರವದ ಒಂದು ಚಹಾ ಚಮಚದಲ್ಲಿ 100 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಎರಡು ವರ್ಷದ ಮಗುವಿಗೆ ಅದು ಪ್ರಾಣಾಂತಿಕವಾಗಬಹುದು. ಮಾವಿನಹಣ್ಣು, ಸ್ಟ್ರಾಬೆರಿ ವಾಸನೆಯ ಬಾಟಲಿ ಮಗುವಿನ ಬಾಯಿಗೆ ಹೋಗಲು ಎಷ್ಟು ಹೊತ್ತು ಬೇಕು? ಮಗು ಕುಡಿದಿದೆ ಎಂಬ ಅನುಮಾನ ಬಂದರೂ ಸಾಕು, ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಯಿ ಒರೆಸಿ, 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಜೊಲ್ಲು ಸುರಿಯುವುದು, ಬೆವರು, ವಾಂತಿ ಮೊದಲ ಲಕ್ಷಣಗಳು. ನಂತರ ಮಂಪರು, ಫಿಟ್ಸ್ ಬರಬಹುದು. ತಮ್ಮನಿಗೆ ಈ ಪುಟ ತೋರಿಸಿ. ಬಿಡುವ ತನಕವಾದರೂ ಆ ಬಾಟಲಿ ಮನೆಯೊಳಗೆ ಬರಕೂಡದು.

ಪ್ರಶ್ನೆ: ವಯಸ್ಸು 36. ಗುಟ್ಕಾ ಬಿಡಾಕಂತ ವೇಪ್ ಹಿಡದೆ, ಈಗ ಎರಡೂ ನಡದಾವ. ಬಾಟ್ಲಿ ಮ್ಯಾಲ 50 ಅಂತದ. ಎಷ್ಟಕ್ಕ ಇಳಸಬೇಕು?
— ಸಿಂದಗಿ

ಉತ್ತರ: 50 ಎಂದರೆ ಮಿಲಿಲೀಟರಿಗೆ 50 ಮಿಲಿಗ್ರಾಂ, ಬಹಳ ಕಡಕ್. ಆದರೆ ಬಾಟಲಿಯ ಅಂಕಿ ಇಳಿಸಿದರೆ ನೀವು ಗೊತ್ತಿಲ್ಲದೆ ಹೆಚ್ಚು ಸಲ, ಉದ್ದುದ್ದ ಜಗ್ಗುತ್ತೀರಿ. ಮೆದುಳು ತನಗೆ ಬೇಕಾದಷ್ಟು ನಿಕೋಟಿನ್ ಪಡೆದೇ ತೀರುತ್ತದೆ.

ನಿಮ್ಮ ಉದ್ದೇಶ ಒಳ್ಳೆಯದಿತ್ತು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೊಗೆರಹಿತ ತಂಬಾಕು ಬಳಸುವ ವಯಸ್ಕರು 16.3%, ಹೊಗೆ ಸೇದುವವರು 8.8%. ಅಂದರೆ ನಮ್ಮ ಮುಖ್ಯ ಸಂಕಟ ಬಾಯಿಯದ್ದು. ನಿಮಗೆ ಆದದ್ದು ಏನೆಂದರೆ ಬಾಯಿಯ ಜೊತೆ ಶ್ವಾಸಕೋಶವೂ ಸೇರಿಕೊಂಡಿತು.

ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ, ಖಾರ ತಿಂದಾಗ ಉರಿದರೆ, ಕೆನ್ನೆಯ ಒಳಗೆ ಬಿಳಿಚಿಕೊಂಡು ದಾರದಂತೆ ಗಟ್ಟಿಯಾಗಿದ್ದರೆ ಇದೇ ವಾರ ದಂತವೈದ್ಯರಿಗೆ ತೋರಿಸಿ. ಅದು ಕ್ಯಾನ್ಸರ್‌ಗೆ ತಿರುಗಬಲ್ಲ ಕಾಯಿಲೆ.

ಬಾಯಿ ಚೆನ್ನಾಗಿ ತೆರೆದರೆ ನಿಕೋಟಿನ್ ಗಮ್ ಆದೀತು, 2 ಅಥವಾ 4 ಮಿಲಿಗ್ರಾಂ; ಯಾವುದೆಂದು ವೈದ್ಯರು ಹೇಳಲಿ. ಗುಟ್ಕಾ ಅಗಿದವರು ಇದನ್ನೂ ಗುಟ್ಕಾದಂತೆ ಜೋರಾಗಿ ಅಗಿದು ರಸ ನುಂಗುತ್ತಾರೆ. ಬಿಕ್ಕಳಿಕೆ, ಎದೆಯುರಿ ಬಂದು "ಇದು ಆಗಿಬರಲ್ಲ" ಎಂದು ಬಿಟ್ಟುಬಿಡುತ್ತಾರೆ. ನಿಧಾನ ಅಗಿದು, ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಚುರುಗು ಹೋದ ಮೇಲೆ ಮತ್ತೆ ಒಂದೆರಡು ಸಲ ಅಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹಾ ಬೇಡ. ಬಾಯಿ ತೆರೆಯದವರಿಗೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ. ಬಿಟ್ಟ ಎರಡು ಮೂರನೇ ದಿನ ಸಿಟ್ಟು, ಚಡಪಡಿಕೆ ಹೆಚ್ಚು. ಮೂರು ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. 1800-11-2356 ಉಚಿತ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ. ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲೂ ತಂಬಾಕು ಬಿಡಿಸುವ ಕೇಂದ್ರವಿದೆ.

ಪ್ರಶ್ನೆ: ಪಿಯುಸಿ ಓದುವ ಮಗನ ಚೀಲದಲ್ಲಿ ಪೆನ್ ಡ್ರೈವಿನಂಥದ್ದು ಸಿಕ್ಕಿತು, ಮಾವಿನಹಣ್ಣಿನ ವಾಸನೆ. ಅವರಪ್ಪನಿಗೆ ಹೇಳಿದರೆ ಹೊಡೆದುಹಾಕುತ್ತಾರೆ. ಅದನ್ನು ಒಲೆಗೆ ಹಾಕಿ ಸುಮ್ಮನಾಗಲೇ?
— ಬಸವನ ಬಾಗೇವಾಡಿ

ಉತ್ತರ: ಒಲೆಗೆ ಮಾತ್ರ ಹಾಕಬೇಡಿ, ತಾಯಿ. ಅದರೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಬೆಂಕಿಗೆ ಬಿದ್ದರೆ ಸಿಡಿಯುತ್ತದೆ.

ಮಗನ ಜೊತೆ ನೀವೇ ಮಾತಾಡಿ, ಅವನು ಹಸಿದಿರದ, ಮನೆಯಲ್ಲಿ ಬೇರೆ ಯಾರೂ ಇರದ ಹೊತ್ತಿನಲ್ಲಿ. ಸಿಕ್ಕ ವಸ್ತು ಮುಂದಿಟ್ಟು "ದಿನಾ ಬೇಕು ಅನಸ್ತದೇನಪ್ಪ? ಬೆಳಿಗ್ಗೆ ಎದ್ದ ಕೂಡಲೇ ಬೇಕಾಗ್ತದ?" ಎಂದು ಕೇಳಿ. ಹೌದು ಎಂದರೆ ಅದು ಹಟಮಾರಿತನವಲ್ಲ, ನಿಕೋಟಿನ್ ಹಿಡಿದಿದೆ. ಇಪ್ಪತ್ತೈದರ ಸುಮಾರಿನವರೆಗೆ ಮೆದುಳು ಬೆಳೆಯುತ್ತಲೇ ಇರುತ್ತದೆ; ಆ ವಯಸ್ಸಿನಲ್ಲಿ ಚಟ ಬೇಗ ಅಂಟುತ್ತದೆ, ಓದಿನ ಮೇಲಿನ ಗಮನವೂ ಕೆಡುತ್ತದೆ. ಹೊಡೆತಕ್ಕೆ ಅವನು ಬಿಡುವುದಿಲ್ಲ, ಇನ್ನೂ ಜಾಣತನದಿಂದ ಮುಚ್ಚಿಡುತ್ತಾನೆ. ಅವರಪ್ಪನಿಗೆ ಹೇಳಲು ಧೈರ್ಯ ಸಾಲದಿದ್ದರೆ ಮೂವರೂ ವೈದ್ಯರ ಬಳಿ ಬನ್ನಿ, ಆ ಮಾತನ್ನು ವೈದ್ಯರೇ ಆಡುತ್ತಾರೆ. ಹುಡುಗ ಒಬ್ಬನೇ ಇರುವಾಗ ಹತ್ತು ನಿಮಿಷ ಅವನ ಜೊತೆ ಮಾತಾಡಲು ವೈದ್ಯರಿಗೆ ಬಿಡಿ. ಹದಿನೆಂಟು ತುಂಬದ ಮಕ್ಕಳಿಗೆ ಗಮ್, ಪ್ಯಾಚ್‌ಗಳನ್ನು ನೀವಾಗಿಯೇ ತಂದು ಕೊಡಬೇಡಿ.

ಆ ಸಾಧನವನ್ನು ಈಗ ಬಿಸಿಲು ಬೀಳದ ಕಡೆ, ತವರದ ಡಬ್ಬಿಯಲ್ಲಿಟ್ಟು ಎತ್ತರದಲ್ಲಿ ಇಡಿ. ತಿಪ್ಪೆಗೆ ಎಸೆಯದೆ, ಹಳೆಯ ಮೊಬೈಲ್ ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ; ಕೊಡುವಾಗ ಮಗ ಜೊತೆಗಿರಲಿ.