ಶಾಸಕರ ಬಾಗಿಲಿಗೆ ಹೋಗುವ ಮುನ್ನ

ತಮ್ಮಾ, ಸೊಸೈಟಿಗೆ ಸೆಕ್ರೆಟರಿ ಆಗಿದ್ದೀ ಎಂದು ಕೇಳಿ ಖುಷಿಯಾಯಿತು. ವಡೋದರಾದಲ್ಲಿ ಗುಜರಾತಿಗಳು ಒಬ್ಬ ಕನ್ನಡದವನ ಕೈಗೆ ಲೆಕ್ಕದ ಪುಸ್ತಕ ಕೊಟ್ಟಿದ್ದಾರೆ ಎಂದರೆ ನಿನ್ನ ಮೇಲೆ ಭರವಸೆ ಇದೆ ಎಂದಾಯಿತು. ಇಲ್ಲವೇ ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು. ಎರಡೂ ಇರಬಹುದು.

ಶಾಸಕರ ಕಚೇರಿಗೆ ಹೋಗೋಣ, ಕಾಕಾ ನೀವೂ ಬರ್ರಿ ಅಂದಿದ್ದೀ. ಬರುತ್ತೇನೆ. ಆದರೆ ನೀನು ಕಳಿಸಿದ ಪಟ್ಟಿ ನೋಡಿದೆ. ಗೇಟಿನ ಮುಂದೆ ಉಕ್ಕುವ ಗಟಾರ, ಆರಿಹೋದ ಬೀದಿದೀಪ, ಒಳರಸ್ತೆಗೆ ಪೇವರ್ ಬ್ಲಾಕ್, ಬೇವಿನ ಮರದ ಕೆಳಗೆ ನಾಲ್ಕು ಬಾಂಕಡಾ, ಎಲ್ಲದರ ಕೊನೆಗೆ ಸಣ್ಣದಾಗಿ ‘ಪ್ರವಾಹದ ಸಮಸ್ಯೆ’. ಈ ಪಟ್ಟಿಯನ್ನು ಬುಡಮೇಲು ಮಾಡು. ಶಾಸಕರಿಂದ ಮಾತ್ರ ಆಗುವ ಕೆಲಸವನ್ನೇ ಶಾಸಕರಿಗೆ ಹೇಳಬೇಕು.

ನೀನು ಬೆಂಗಳೂರಿನಲ್ಲಿ ಇದ್ದು ಬಂದವನು. ಅಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಉರುಳಿದವು. ಕಸ, ಗುಂಡಿ, ನಲ್ಲಿ ನೀರು, ಎಲ್ಲಕ್ಕೂ ಎಂಎಲ್‌ಎ ಬಾಗಿಲೇ ಗತಿಯಾಯಿತು. ಆ ರೂಢಿ ಇಲ್ಲಿ ಬೇಡ. ವಡೋದರಾದಲ್ಲಿ 19 ವಾರ್ಡು, ಸೂರತ್‌ನಲ್ಲಿ 30, ಅಹಮದಾಬಾದಿನಲ್ಲಿ 48; ಒಂದೊಂದು ವಾರ್ಡಿಗೂ ನಾಲ್ಕು ನಾಲ್ಕು ಕಾರ್ಪೊರೇಟರುಗಳು. ಒಬ್ಬರು ಊರಲ್ಲಿಲ್ಲ ಅಂದರೆ ಇನ್ನೊಬ್ಬರು ಸಿಗುತ್ತಾರೆ. ಗಟಾರ, ದೀಪ ಎರಡನ್ನೂ ಅವರಿಗೆ ಬಿಡು. ಪೇವರ್ ಬ್ಲಾಕಿಗೆ ಜನಭಾಗೀದಾರಿ ಯೋಜನೆ ಇದೆ: ನೂರಕ್ಕೆ 70 ಸರ್ಕಾರದ್ದು, 20 ಸೊಸೈಟಿಯದು, 10 ಪಾಲಿಕೆಯದು. ನಿಮ್ಮ 20 ಒಟ್ಟುಮಾಡುವುದೇ ದೊಡ್ಡ ಕೆಲಸ. ಮೂರನೇ ಮಹಡಿಯವರು ‘ನಮಗೆ ಕಾರೇ ಇಲ್ಲ’ ಅನ್ನುತ್ತಾರೆ, ನೋಡುತ್ತಿರು.

ಇನ್ನು ಬಾಂಕಡಾ. ಈ ಸಿಮೆಂಟ್ ಬೆಂಚುಗಳು ಗುಜರಾತಿನ ಮೂಲೆ ಮೂಲೆಯಲ್ಲೂ ಇವೆ. ಬೆನ್ನು ಒರಗಿಸುವ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಧಾರಾಸಭ್ಯರ, ಅಂದರೆ ಶಾಸಕರ, ಹೆಸರು, ಅದರ ಕೆಳಗೆ ‘ಗ್ರಾಂಟಿನಿಂದ’. ಚುನಾವಣಾ ನೀತಿ ಸಂಹಿತೆ ಬಂದೊಡನೆ ಅದೇ ಹೆಸರಿನ ಮೇಲೆ ಕಾಗದ ಅಂಟುತ್ತದೆ, ಇಲ್ಲವೇ ಸುಣ್ಣ ಬೀಳುತ್ತದೆ. ಫಲಿತಾಂಶ ಬಂದ ಮೇಲೆ ಮತ್ತೆ ಇಣುಕುತ್ತದೆ. ಈ ಗ್ರಾಂಟ್ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕು. ವರ್ಷಕ್ಕೆ ಒಂದೂವರೆ ಕೋಟಿ ಇದ್ದದ್ದು 2025ರಲ್ಲಿ ಎರಡೂವರೆ ಕೋಟಿ ಆಯಿತು, ಅದರಲ್ಲಿ 50 ಲಕ್ಷ ಮಳೆನೀರು ಹಿಡಿದಿಡುವ ಕೆಲಸಕ್ಕೇ ಮೀಸಲು. ನಮ್ಮ ಕರ್ನಾಟಕದಲ್ಲಿ ಎರಡು ಕೋಟಿ. ಗುಜರಾತಿನ 182 ಕ್ಷೇತ್ರಗಳಿಗೆ ಮತದಾರರನ್ನು ಹಂಚಿದರೆ ಒಂದಕ್ಕೆ ಎರಡೂವರೆ ಲಕ್ಷದ ಆಸುಪಾಸು. ತಲೆಗೆ ವರ್ಷಕ್ಕೆ ಬೀಳುವುದು ನೂರು ರೂಪಾಯಿಯ ಆಸುಪಾಸು. ಆ ದುಡ್ಡೂ ಶಾಸಕರ ಕೈಗೆ ಬರುವುದಿಲ್ಲ; ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾ ಯೋಜನಾ ಕಚೇರಿ. ಐದು ವರ್ಷದ ಅಧಿಕಾರವನ್ನು ಈ ನೂರು ರೂಪಾಯಿಯಲ್ಲಿ ಅಳೆಯುವುದು ಶಾಸಕರಿಗೆ ಬಹಳ ಅನುಕೂಲ, ನಮಗಲ್ಲ.

ಶಾಸಕರ ಪತ್ರಕ್ಕೆ ಬೆಲೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸೂರತ್‌ನ ವರಾಛಾ ರೋಡ್ ಕ್ಷೇತ್ರದ ಕುಮಾರ್ ಕಾನಾಣಿ ಪತ್ರ ಬರೆಯುವುದಕ್ಕೇ ಹೆಸರಾದವರು. 2023ರ ಆರಂಭದಲ್ಲಿ, ಪ್ರವೇಶವಿಲ್ಲದ ಹೊತ್ತಿನಲ್ಲೂ ಖಾಸಗಿ ಲಕ್ಸುರಿ ಬಸ್ಸುಗಳು ನಗರದೊಳಗೆ ನುಗ್ಗುತ್ತಿವೆ ಎಂದು ಟ್ರಾಫಿಕ್ ಪೊಲೀಸರಿಗೆ ಬರೆದರು. ಬಸ್ಸಿನವರು ಸಿಟ್ಟಾಗಿ, ಹಾಗಾದರೆ ಊರೊಳಗೆ ಬರುವುದೇ ಇಲ್ಲ ಎಂದು ಜನರನ್ನು ಹೊರವಲಯದ ವಾಲಕ್ ಪಾಟಿಯಾದಲ್ಲೇ ಇಳಿಸತೊಡಗಿದರು. ಸೌರಾಷ್ಟ್ರದಿಂದ ಬಂದವರು ಗಂಟುಮೂಟೆ ಹೊತ್ತು ರಿಕ್ಷಾ ಹುಡುಕುವಂತಾಯಿತು. ಪತ್ರ ಸರಿಯಾಗಿಯೇ ಇತ್ತು, ಪೆಟ್ಟು ಬಿದ್ದದ್ದು ಬೇರೆಯವರಿಗೆ. ನಮ್ಮ ಜಿಲ್ಲೆಯ ಸಾವಲಿಯ ಕೇತನ್ ಇನಾಮದಾರ್ ಕಥೆ ಇನ್ನೊಂದು ಬಗೆ. ಆಳುವ ಪಕ್ಷದವರೇ ಆಗಿದ್ದೂ, ಕ್ಷೇತ್ರದ ಕೆಲಸಕ್ಕೆ ಅಧಿಕಾರಿಗಳು ಕಿವಿಗೊಡುತ್ತಿಲ್ಲ ಎಂದು 2020ರ ಜನವರಿಯಲ್ಲಿ ರಾಜೀನಾಮೆ ಕಳಿಸಿದರು. ಹಿರಿಯರು ಸಮಾಧಾನ ಮಾಡಿದರು, ಹಿಂದಕ್ಕೆ ತೆಗೆದುಕೊಂಡರು. 2024ರ ಮಾರ್ಚ್‌ನಲ್ಲಿ ಮತ್ತೊಮ್ಮೆ ರಾಜೀನಾಮೆ, ಮತ್ತೊಮ್ಮೆ ಸಮಾಧಾನ. ಆಳುವ ಪಕ್ಷದ ಶಾಸಕರ ಮಾತೇ ಕಚೇರಿಯಲ್ಲಿ ನಡೆಯದಿದ್ದರೆ ನಿನ್ನ ಬೀದಿದೀಪದ ಪಾಡೇನು?

ಈಗ ನೀನು ಕೊನೆಗೆ ತಳ್ಳಿದ ಪ್ರವಾಹದ ವಿಷಯಕ್ಕೆ ಬಾ. 2024ರ ಆಗಸ್ಟ್ ಕೊನೆಯ ವಾರ ನೀನಿನ್ನೂ ಇಲ್ಲಿಗೆ ಬಂದಿರಲಿಲ್ಲ. ವಿಶ್ವಾಮಿತ್ರಿ ಹರಿದುಬರುವುದು ಪಾವಾಗಢದ ಕಡೆಯಿಂದ; ಸಯಾಜಿರಾವ್ ಮಹಾರಾಜರ ಕಾಲದ ಆಜವಾ ಕೆರೆ ತುಂಬಿದರೆ ಅದರ ನೀರೂ ಇದೇ ನದಿಗೆ. ಅಪಾಯದ ಮಟ್ಟ 25 ಅಡಿ, ನದಿ 35 ದಾಟಿತು. ಅಕೋಟಾ ಸ್ಟೇಡಿಯಂ ಹತ್ತಿರ ಒಂದು ಮನೆಯ ಮಾಡಿನ ಮೇಲೆ ಮೊಸಳೆ ಮಲಗಿದ್ದ ಚಿತ್ರ ನಿನ್ನ ಫೋನಿಗೂ ಬಂದಿರಬೇಕು. ನೀರು ಇಳಿದಾಗ ಹಾಸಿಗೆ, ಫ್ರಿಜ್ಜು, ಮಕ್ಕಳ ಪುಸ್ತಕ ಎಲ್ಲ ಕೆಸರು ಮೆತ್ತಿಕೊಂಡು ರಸ್ತೆಯಲ್ಲಿ ರಾಶಿಯಾಗಿ ಬಿದ್ದಿದ್ದವು. ಬಾಂಕಡಾಗಳು ಮಾತ್ರ ಜಗ್ಗದೆ ಕೂತಿದ್ದವು, ಹೆಸರಿನ ಸಮೇತ. ನೋಡಲು ಬಂದ ನಾಯಕರನ್ನು ಜನ ಕೆಲವೆಡೆ ಬೈದೇ ಹಿಂದಕ್ಕೆ ಕಳಿಸಿದರು. ಬೈದು ಹಗುರಾದರು, ಅಷ್ಟೇ. ಬೈಗುಳಕ್ಕೆ ಲಿಖಿತ ಉತ್ತರ ಕೊಡುವ ಪದ್ಧತಿ ಯಾವ ಸರ್ಕಾರದಲ್ಲೂ ಇಲ್ಲ.

ಪ್ರಶ್ನೆಗೆ ಇದೆ. ಶಾಸಕರಿಗೆ ಇದ್ದು ನಿನಗೂ ನನಗೂ ಇಲ್ಲದ ಅಧಿಕಾರ ಅದು: ಗಾಂಧಿನಗರದ ವಿಠ್ಠಲಭಾಯಿ ಪಟೇಲ್ ಭವನದಲ್ಲಿ ಎದ್ದು ನಿಂತು ಮಂತ್ರಿಯನ್ನು ಕೇಳುವುದು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಬೇರೆ. ಅಲ್ಲಿ ಕೊಟ್ಟ ಭರವಸೆಯ ಬೆನ್ನು ಹತ್ತಲು ಭರವಸೆ ಸಮಿತಿಯೇ ಇದೆ. ಆದ್ದರಿಂದ ಅವರಿಗೆ ಅರ್ಜಿ ಕೊಡಬೇಡ, ಪ್ರಶ್ನೆಯನ್ನೇ ಬರೆದು ಕೊಡು. ನದಿಪಾತ್ರದಲ್ಲಿ ಎಷ್ಟು ಒತ್ತುವರಿ ಗುರುತಿಸಿದ್ದೀರಿ, ಎಷ್ಟು ತೆರವಾಯಿತು? 2025ರ ಬೇಸಿಗೆಯಲ್ಲಿ ಹೂಳೆತ್ತಿದಿರಿ, ಮುಂದಿನ ಸರದಿ ಯಾವಾಗ, ಹಣ ಯಾವ ಬಾಬ್ತಿನಿಂದ? ಆಜವಾದಿಂದ ನೀರು ಬಿಡುವ ಎಷ್ಟು ಗಂಟೆ ಮುಂಚೆ ಕೆಳಗಿನವರಿಗೆ ತಿಳಿಸುತ್ತೀರಿ? ಮೂರೇ ಸಾಕು. ಬಜೆಟ್ ಅಧಿವೇಶನ ಫೆಬ್ರವರಿಯಲ್ಲಿ ಶುರುವಾಗುತ್ತದೆ, ಮಳೆಗಾಲದ್ದು ಈಚೆಗೆ ಮೂರು ನಾಲ್ಕು ದಿನಕ್ಕೇ ಮುಗಿಯುತ್ತಿದೆ. ಪ್ರಶ್ನೆಗೆ ಮುಂಚಿತವಾಗಿ ಸೂಚನೆ ಕೊಡಬೇಕು, ಹಾಗಾಗಿ ದೀಪಾವಳಿ ಕಳೆದ ಕೂಡಲೇ ಅವರ ಕೈಗೆ ಮುಟ್ಟಿಸು. ಆಳುವ ಪಕ್ಷದವರು ಸ್ವಂತ ಮಂತ್ರಿಯನ್ನು ಇಕ್ಕಟ್ಟಿಗೆ ಸಿಕ್ಕಿಸುವರೇ ಎಂದು ಕೇಳುತ್ತೀ. 2022ರಲ್ಲಿ ವಡೋದರಾ ನಗರದ ಐದು ಸ್ಥಾನವೂ ಒಂದೇ ಪಕ್ಷಕ್ಕೆ ಹೋಗಿವೆ, ಕೇಳುವವರು ಅವರೇ ಆಗಬೇಕು. ನೂರು ಸೊಸೈಟಿಗಳ ಸಹಿ ಇದ್ದರೆ ಕೇಳುತ್ತಾರೆ.

ಬರೀ ಪತ್ರ ಬರೆದು ಸುಮ್ಮನಾದರೆ ಏನಾಗುತ್ತದೆ ಎನ್ನುವುದಕ್ಕೆ ಪಾದರಾ ಬಳಿಯ ಗಂಭೀರಾ ಸೇತುವೆ ಇದೆ. 1985ರ ಸೇತುವೆ, ಮಹಿಸಾಗರ ನದಿಯ ಮೇಲಿನದು. ಸ್ಥಿತಿ ಸರಿಯಿಲ್ಲ ಎಂದು ಜಿಲ್ಲಾ ಪಂಚಾಯತ್ ಸದಸ್ಯರೊಬ್ಬರು 2022ರಲ್ಲೇ ಇಲಾಖೆಗೆ ಬರೆದಿದ್ದರು. 2025ರ ಜುಲೈ 9ರ ಬೆಳಿಗ್ಗೆ ನಡುವಿನ ಭಾಗ ಕುಸಿದು ವಾಹನಗಳು ನದಿಗೆ ಬಿದ್ದವು. ಸತ್ತವರು ಸುಮಾರು ಇಪ್ಪತ್ತು ಜನ.

ಕಾನೂನು ಮಾಡುವವರೂ ಶಾಸಕರೇ ಎನ್ನುವುದನ್ನು ನಿಮ್ಮ ಸೊಸೈಟಿಯ ಸದಸ್ಯರಿಗೆ ನೆನಪಿಸು. 25 ವರ್ಷ ದಾಟಿದ ಕಟ್ಟಡವನ್ನು ಕೆಡವಿ ಕಟ್ಟಲು ನೂರಕ್ಕೆ 75 ಮನೆಯವರ ಒಪ್ಪಿಗೆ ಸಾಕು ಎಂದು ತಿದ್ದುಪಡಿ ಮಾಡಿದ್ದು ಇದೇ ಸದನ. ಒಪ್ಪದ 25ರಲ್ಲಿ ನಿಮ್ಮ ಮುದುಕರು ಎಷ್ಟು ಜನ ಇದ್ದಾರೆ, ಎಣಿಸಿ ನೋಡು.

ಹೋಗುವ ದಿನದ ಬಗ್ಗೆ. ಸೋಮವಾರ, ಮಂಗಳವಾರ ಬೇಡ. ಮಂತ್ರಿಗಳು ಭೇಟಿಗೆ ಸಿಗುವ ದಿನಗಳವು, ಶಾಸಕರು ಗಾಂಧಿನಗರದಲ್ಲಿರುತ್ತಾರೆ. ಪತ್ರ ಗುಜರಾತಿಯಲ್ಲಿರಲಿ, ಒಂದೇ ಹಾಳೆ, ಎರಡು ಪ್ರತಿ. ನಿನ್ನ ಪ್ರತಿಯ ಮೇಲೆ ಇನ್‌ವರ್ಡ್ ನಂಬರು, ತಾರೀಖು ಹಾಕಿಸಿಕೊಳ್ಳದೆ ಚಹಾ ಕುಡಿದು ಎದ್ದು ಬರಬೇಡ. ಕಚೇರಿಯಲ್ಲಿ ಕೂತ ಹುಡುಗನಿಗೆ ಮರ್ಯಾದೆ ಕೊಡು, ಕಡತ ಎಲ್ಲಿದೆ ಎಂದು ಗೊತ್ತಿರುವುದು ಅವನಿಗೇ. ಯಾರಾದರೂ ಪಿಂಚಣಿಯೋ ಜಮೀನಿನ ದಾಖಲೆಯೋ ಸಿಕ್ಕಿಹಾಕಿಕೊಂಡಿದೆ ಎಂದು ನಿನ್ನ ಬೆನ್ನು ಹತ್ತಿದರೆ ಸರ್ಕಾರದ ಅಹವಾಲು ವ್ಯವಸ್ಥೆ ‘ಸ್ವಾಗತ್’ಗೆ ಹಾಕಿಸು. 2003ರಿಂದ ನಡೆಯುತ್ತಿದೆ, ತಾಲೂಕಿನಿಂದ ಹಿಡಿದು ಮುಖ್ಯಮಂತ್ರಿಯವರೆಗೆ. ಅದಕ್ಕೆ ಶಾಸಕರ ಶಿಫಾರಸೇ ಬೇಡ.

ಹೊರಗಿನವರ ಮಾತು ಯಾರು ಕೇಳುತ್ತಾರೆ ಅನ್ನುವ ಅಳುಕು ಬಿಡು. ಸೂರತ್‌ನ ಲಿಂಬಾಯತ್‌ನಲ್ಲಿ ಮರಾಠಿ ಮಾತಾಡುವ ಸಂಗೀತಾ ಪಾಟೀಲ್ 2012ರಿಂದ ಗೆಲ್ಲುತ್ತಲೇ ಇದ್ದಾರೆ. ಅಲ್ಲಿಯ ಮರಾಠಿಗರೇನು ಗುಜರಾತಿನ ಮೂಲನಿವಾಸಿಗಳಲ್ಲ, ದುಡಿಯಲು ಬಂದವರು. ಆದರೆ ಅವರ ಹೆಸರು ಅಲ್ಲಿಯ ಮತದಾರರ ಪಟ್ಟಿಯಲ್ಲಿದೆ. ನಿನ್ನದು ಇನ್ನೂ ಹುಬ್ಬಳ್ಳಿಯಲ್ಲೇ ಕೂತಿದೆ! ಫಾರ್ಮ್ 8 ತುಂಬಿ ಈ ವಾರವೇ ವರ್ಗ ಮಾಡಿಸು. ಅದು ಆಗುವ ತನಕ ನಿನ್ನ ಹೆಂಡತಿಯನ್ನು ಮುಂದೆ ಮಾಡಿಕೊಂಡು ಹೋಗೋಣ. ಆಕೆಯ ಹೆಸರು ಇಲ್ಲಿ ಸೇರಿಯಾಗಿದೆ, ಗುಜರಾತಿಯೂ ನಿನಗಿಂತ ಚೆನ್ನಾಗಿ ಬರುತ್ತದೆ.