ಹಡಗಿನಲ್ಲಿ ಬಂದ ಅಡುಗೆ ಎಣ್ಣೆ

ವಾಣಿಜ್ಯ ವಿಭಾಗದವರು ಆಮದು-ರಫ್ತನ್ನು ರೂಪಾಯಿ, ಡಾಲರಿನಲ್ಲಿ ಲೆಕ್ಕ ಹಾಕುತ್ತೀರಿ. ವಿಜ್ಞಾನದವರು ಕೊಬ್ಬಿನ ಪಾಠ ಓದುವಾಗ ಬಂದರನ್ನು ನೆನೆಯುವುದಿಲ್ಲ. ಈ ಎರಡೂ ಪಾಠಗಳು ಒಂದಾಗುವುದು ಅಡುಗೆ ಎಣ್ಣೆಯಲ್ಲಿ.

ಸಣ್ಣ ದ್ವೀಪ ದೇಶಗಳಲ್ಲಿ ಇದು ಬೇಗ ಕಾಣುತ್ತದೆ. ಅಲ್ಲಿ ಆಹಾರದ ದೊಡ್ಡ ಪಾಲು ಹಡಗಿನಲ್ಲೇ ಬರಬೇಕು. ಹಿಂದೂ ಮಹಾಸಾಗರದ ಮಾರಿಷಸ್ ನೋಡಿ. ಕಬ್ಬಿನ ತೋಟದ ಕೂಲಿಗೆಂದು ಭಾರತದಿಂದ ಹೋದವರ ವಂಶದವರೇ ಅಲ್ಲಿ ಹೆಚ್ಚು. ಹೃದಯರೋಗ, ಸಕ್ಕರೆ ಕಾಯಿಲೆಯ ಕಾಟವೂ ಹೆಚ್ಚು. 1987ರಲ್ಲಿ ಆರೋಗ್ಯ ಕಾರ್ಯಕ್ರಮ ಆರಂಭವಾದಾಗ ಅಲ್ಲಿ ಪಡಿತರದ ಎಣ್ಣೆ ಬಹುಪಾಲು ತಾಳೆ ಎಣ್ಣೆಯಾಗಿತ್ತು. ಸರಕಾರ ಅದನ್ನು ಪೂರ್ತಿ ಸೋಯಾ ಎಣ್ಣೆಗೆ ಬದಲಿಸಿತು. ಜನರ ರಕ್ತದ ಸರಾಸರಿ ಕೊಲೆಸ್ಟ್ರಾಲ್ 1992ರ ಹೊತ್ತಿಗೆ ಸುಮಾರು 213ರಿಂದ 182 ಮಿಲಿಗ್ರಾಂಗೆ (100 ಮಿ.ಲೀ.ಗೆ) ಇಳಿದಿತ್ತು. ಬೊಜ್ಜು ಮಾತ್ರ ಹೆಚ್ಚೇ ಆಯಿತು. ಎಣ್ಣೆ ಬದಲಿಸಿದರೆ ಎಲ್ಲ ರೋಗವೂ ಹೋಗುವುದಿಲ್ಲ.

ಪೆಸಿಫಿಕ್ ಸಾಗರದ ಸಮೋವಾ ಇಷ್ಟು ಸಲೀಸಾಗಿ ಗೆಲ್ಲಲಿಲ್ಲ. ಅಮೆರಿಕದಿಂದ ಅಗ್ಗವಾಗಿ ಬರುತ್ತಿದ್ದ, ಕೊಬ್ಬೇ ತುಂಬಿದ ಟರ್ಕಿ ಕೋಳಿಯ ಬಾಲದ ತುಂಡುಗಳನ್ನು ಅದು 2007ರಲ್ಲಿ ನಿಷೇಧಿಸಿತು. 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಲು ಆ ನಿಷೇಧವನ್ನು ಕೈಬಿಡಲು ಒಪ್ಪಬೇಕಾಯಿತು.

ಬೈಲಹೊಂಗಲಕ್ಕೂ ಇದಕ್ಕೂ ಏನು ಸಂಬಂಧ ಎನ್ನಬಹುದು. ನಮ್ಮದು ಸಮುದ್ರ ಕಾಣದ ಊರು, ನಿಜ. ಆದರೆ ಎಣ್ಣೆಯ ವಿಷಯದಲ್ಲಿ ಭಾರತವೂ ಒಂದು ದ್ವೀಪವೇ. ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ. ನಮ್ಮ ಎರಿಹೊಲಗಳ ಹಿಂಗಾರಿ ಕುಸುಬಿಯ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ನೂರಕ್ಕೆ ಸುಮಾರು 10 ಪಾಲು, ಶೇಂಗಾದಲ್ಲಿ 20ರ ಒಳಗೆ, ತಾಳೆಯಲ್ಲಿ ಸುಮಾರು 50. ಮನೆಯಲ್ಲಿ ಶೇಂಗಾ ಎಣ್ಣೆ ಬಳಸುವವರೂ ಬಿಸ್ಕೀಟು, ಖಾರಾ, ಭಜಿಯ ಮೂಲಕ ತಾಳೆ ಎಣ್ಣೆ ತಿನ್ನುತ್ತಾರೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 'ಪಾಮೋಲಿನ್' ಎಂದಿರುತ್ತದೆ, ಓದಿ ನೋಡಿ.

1994ರಲ್ಲಿ ಪಾಮೋಲಿನ್ ಆಮದಿನ ಬಾಗಿಲು ಖಾಸಗಿ ವ್ಯಾಪಾರಿಗಳಿಗೆ ತೆರೆಯಿತು. 2015ರಲ್ಲಿ ನಮ್ಮ ರಾಜ್ಯದ ಅನ್ನಭಾಗ್ಯದಡಿ ಪಡಿತರ ಅಂಗಡಿಯಲ್ಲೇ ತಾಳೆ ಎಣ್ಣೆ ಲೀಟರಿಗೆ 25 ರೂಪಾಯಿಯಂತೆ ಸಿಕ್ಕಿತು. ಮಾರಿಷಸ್ ಯಾವ ಅಂಗಡಿಯಿಂದ ತಾಳೆಯನ್ನು ಹೊರಗಿಟ್ಟಿತೋ, ನಾವು ಅದೇ ಅಂಗಡಿಗೆ ಅದನ್ನು ತಂದೆವು. ಬಡವರ ಒಲೆಗೆ ಅಗ್ಗದ ಎಣ್ಣೆ ಬೇಕಿತ್ತು, ಉದ್ದೇಶ ತಪ್ಪಲ್ಲ. ಆದರೆ ಅಗ್ಗ ಎಂಬುದರಲ್ಲಿ ಆಸ್ಪತ್ರೆಯ ಖರ್ಚು ಸೇರಿರುವುದಿಲ್ಲ.

ಕೇಂದ್ರ ಸರಕಾರ 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿದ್ದು ಎಣ್ಣೆಕಾಳು ಬೆಳೆಯುವ ರೈತರಿಗೆ ಬೆಲೆ ಸಿಗಲೆಂದು. 2025ರ ಮೇ ಕೊನೆಗೆ ಶೇ. 10ಕ್ಕೆ ಇಳಿಸಿದ್ದು ಗ್ರಾಹಕರಿಗೆ ಅಗ್ಗವಾಗಲೆಂದು. ಎರಡು ಸಲವೂ ತಾಳೆ, ಸೋಯಾ, ಸೂರ್ಯಕಾಂತಿ ಮೂರಕ್ಕೂ ಒಂದೇ ದರ. ಯಾವುದರಲ್ಲಿ ಎಷ್ಟು ಕೊಬ್ಬಿದೆ ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ.