ಕಾಲ್ಚೆಂಡು ಶಾಲೆಯೊಂದರ ಆಯವ್ಯಯ

ಕ್ರೀಡೆಗೆ ದಾನ ಮಾಡುವ ವಿಷಯದಲ್ಲಿ ಬಳ್ಳಾರಿ ಸೀಮೆಯ ಜನ ಕೃಪಣರೆಂದು ಯಾರೂ ಹೇಳಲಾರರು. ಪಂದ್ಯಾವಳಿಯೊಂದು ನಡೆಯುವುದೆಂದರೆ ಶಾಮಿಯಾನದ ಬಾಡಿಗೆಗೆ ಒಬ್ಬರು, ದೊಡ್ಡ ಕಪ್ಪಿಗೆ ಇನ್ನೊಬ್ಬರು, ಪರಸ್ಥಳದ ತಂಡಗಳ ಊಟಕ್ಕೆ ಮತ್ತೊಬ್ಬರು ಕೇಳುವ ಮೊದಲೇ ಮುಂದೆ ಬರುತ್ತಾರೆ. ಆದರೆ ಪಂದ್ಯಾವಳಿ ಮುಗಿದ ಮರುದಿನ ಅದೇ ಮೈದಾನಕ್ಕೆ ಅಭ್ಯಾಸಕ್ಕಾಗಿ ಬರುವ ಹನ್ನೆರಡು ವರ್ಷದ ಹುಡುಗನ ಬಸ್ ಚಾರ್ಜು, ಅವನಿಗೆ ಕೊಡಬೇಕಾದ ಮೊಟ್ಟೆ ಬಾಳೆಹಣ್ಣು, ಅವನಿಗೆ ಕಲಿಸುವ ಕೋಚಿನ ಸಂಬಳ, ಇವು ಬಹುಮಂದಿಯ ಕಣ್ಣಿಗೆ ಬೀಳುವುದಿಲ್ಲ. ನಗರದ ಒಂದು ಸಣ್ಣ ಕ್ಲಬ್ಬಿನವರು ನಡೆಸುತ್ತಿದ್ದ ಕಿರಿಯರ ತರಬೇತಿ ಶಾಲೆಯ ಲೆಕ್ಕಪತ್ರಗಳನ್ನು ಕೆಲವು ವರ್ಷಗಳ ಕಾಲ ಬರೆದಿಟ್ಟ ನನಗೆ ಅದರಿಂದ ದೊರೆತ ಮುಖ್ಯವಾದ ತಿಳಿವಳಿಕೆ ಇದು: ಇಂಥ ಶಾಲೆಯ ವ್ಯಯವು ನಿತ್ಯವಾದದ್ದು, ಆದಾಯವು ನೈಮಿತ್ತಿಕವಾದದ್ದು, ಇವೆರಡರ ಸ್ವಭಾವ ಪರಸ್ಪರ ಹೊಂದದಿರುವುದೇ ಅದರ ಎಲ್ಲ ಕಷ್ಟಗಳ ಮೂಲ.

ವ್ಯಯದ ಸ್ವರೂಪವನ್ನು ಮೊದಲು ಹೇಳುತ್ತೇನೆ. ಚೆಂಡು, ಬೂಟು, ಜರ್ಸಿಗಳೇ ದೊಡ್ಡ ಖರ್ಚೆಂದು ಹೊರಗಿನವರು ಭಾವಿಸುವುದುಂಟು. ನಮ್ಮ ಪುಸ್ತಕದಲ್ಲಿ ಅವು ಎಂದೂ ಮೊದಲ ಸಾಲಿಗೆ ಬಂದದ್ದಿಲ್ಲ. ಮೊದಲನೆಯದು ಕೋಚಿನ ಸಂಬಳ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸು ಪಡೆದು, ಮಕ್ಕಳ ಮನಸ್ಸನ್ನೂ ಅರಿತ ಯುವಕನೊಬ್ಬ ದೊರೆಯುವುದೇ ದುರ್ಲಭ. ದೊರೆತವನಿಗೆ ತಿಂಗಳು ತಿಂಗಳೂ ಸಂಬಳ ನಿಶ್ಚಯವಾಗಿ ಸಲ್ಲದಿದ್ದರೆ ಆತ ಬೆಂಗಳೂರಿನ ಯಾವುದಾದರೊಂದು ಖಾಸಗಿ ಶಾಲೆಯನ್ನು ಸೇರುತ್ತಾನೆ, ಮತ್ತು ಯಾವ ಹುಡುಗನ ಎಡಗಾಲು ದುರ್ಬಲ, ಯಾವನ ಮನೆಯಲ್ಲಿ ರಾತ್ರಿಯ ಊಟ ನಿಶ್ಚಯವಿಲ್ಲ ಎಂಬ, ಬಹುಕಾಲದಿಂದ ಸಂಗ್ರಹಿಸಿದ ಜ್ಞಾನವೆಲ್ಲ ಆತನೊಡನೆಯೇ ಹೊರಟುಹೋಗುತ್ತದೆ. ಎರಡನೆಯದು ಪ್ರಯಾಣ; ನಮ್ಮ ಮಕ್ಕಳಲ್ಲಿ ಹಲವರು ಸಿರುಗುಪ್ಪ, ಕುರುಗೋಡುಗಳಿಂದ ಬರುವವರು. ಸಿರುಗುಪ್ಪ ಬಳ್ಳಾರಿಯಿಂದ ಐವತ್ತು ಕಿಲೋಮೀಟರಿಗೂ ಮೀರಿದ ದೂರ. ಕುರುಗೋಡು ಸುಮಾರು ಅದರ ಅರ್ಧ. ಮೂರನೆಯದು ಆಹಾರ; ನಾಲ್ಕನೆಯದು ಮೈದಾನಕ್ಕೆ ಬೇಕಾದ ನೀರು. ಬೇಸಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿಯನ್ನು ದಾಟುವ ಈ ಊರಿನಲ್ಲಿ ಸೂರ್ಯ ಮೇಲೇರುವುದರೊಳಗೆ ಅಭ್ಯಾಸ ಮುಗಿಯಬೇಕು. ಆ ಹೊತ್ತಿಗೆ ಸಿರುಗುಪ್ಪದ ಮಕ್ಕಳು ಬಳ್ಳಾರಿಯನ್ನು ಮುಟ್ಟಬೇಕಾದರೆ ನಸುಕಿಗಿಂತ ಬಹಳ ಮುಂಚೆಯೇ ಮನೆ ಬಿಡಬೇಕು. ಈ ಕಷ್ಟವನ್ನು ಪರಿಹರಿಸುವ ಪ್ರಯತ್ನದಲ್ಲಿಯೇ ನಮಗೆ ಒಂದು ಸರಳವಾದ ಸತ್ಯ ಗೋಚರಿಸಿತು: ಅನೇಕ ಮಕ್ಕಳನ್ನು ಒಬ್ಬ ಕೋಚಿನ ಬಳಿಗೆ ಕರೆತರುವುದಕ್ಕಿಂತ ಒಬ್ಬ ಕೋಚನ್ನು ಮಕ್ಕಳ ಊರಿಗೆ ಕಳಿಸುವುದು ಮಿತವ್ಯಯಕರ. ವಾರದ ದಿನಗಳಲ್ಲಿ ಆಯಾ ಊರಿನ ಶಾಲೆಯ ಬಯಲಿನಲ್ಲಿಯೇ ಅಭ್ಯಾಸ, ಭಾನುವಾರ ಮಾತ್ರ ಬಳ್ಳಾರಿಯಲ್ಲಿ ಎಲ್ಲರೂ ಕೂಡಿ ಆಡುವುದು ಎಂದು ಏರ್ಪಡಿಸಿದ ಮೇಲೆ ಖರ್ಚೂ ಇಳಿಯಿತು, ಮಕ್ಕಳ ಹಾಜರಿಯೂ ಹೆಚ್ಚಿತು.

ಪ್ರಯಾಣದ ಮಾತು ಬಂದಾಗ ಸರ್ಕಾರದ ಒಂದು ಯೋಜನೆಯನ್ನು ಸ್ಮರಿಸದಿರಲಾಗದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾದಾಗ, ಕಾಲ್ಚೆಂಡಿಗೂ ಅದಕ್ಕೂ ಸಂಬಂಧವಿದೆಯೆಂದು ಯಾರೂ ಊಹಿಸಿರಲಿಲ್ಲ. ಆದರೆ ಹೆಣ್ಣುಮಕ್ಕಳ ತಂಡ ಕಟ್ಟಲು ಹೊರಟವರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಆ ದಿನದಿಂದ ಬಹುದೊಡ್ಡ ಆಶ್ರಯದಾತನಾಯಿತು. ಭಾನುವಾರದ ಆಟಕ್ಕೆ ಕುರುಗೋಡಿನಿಂದ ಬರುವ ಹುಡುಗಿಯ ಖರ್ಚಿನಲ್ಲಿ ಪ್ರಯಾಣವೆಂಬ ಬಾಬತ್ತೇ ಇಲ್ಲದಂತಾಯಿತು. ಅಲ್ಪಧನದ ಕ್ಲಬ್ಬುಗಳು ಹೆಣ್ಣುಮಕ್ಕಳ ತಂಡವನ್ನು ಮುಂದಕ್ಕೆ ಹಾಕುವುದಕ್ಕೆ ಹಣದ ಕಾರಣವನ್ನು ಹೇಳುವ ಕಾಲ ಕಳೆಯಿತೆಂದೇ ನನ್ನ ಅಭಿಪ್ರಾಯ.

ಇನ್ನು ಆದಾಯ. ಇಂಥ ಶಾಲೆಯನ್ನು ಕಟ್ಟುವ ಉತ್ಸಾಹಿಗಳ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಕನಸು ಇರುತ್ತದೆ: ನಮ್ಮ ಹುಡುಗನೊಬ್ಬ ದೊಡ್ಡ ಕ್ಲಬ್ಬಿಗೆ ಹೋದಾನು, ಅವನ ಮೂಲಕ ಬರುವ ಹಣ ಉಳಿದ ಮಕ್ಕಳನ್ನು ಸಾಕೀತು. ಇದಕ್ಕೆ ನಿಯಮಗಳ ಆಧಾರವೂ ಉಂಟು. ಫಿಫಾ 2001ರಲ್ಲಿ ರೂಪಿಸಿದ ವ್ಯವಸ್ಥೆಯ ಪ್ರಕಾರ, ಒಪ್ಪಂದದ ಅವಧಿ ಮುಗಿಯುವ ಮುನ್ನ ಆಟಗಾರನೊಬ್ಬ ಹಣಕ್ಕೆ ಪ್ರತಿಯಾಗಿ ಒಂದು ದೇಶದ ಕ್ಲಬ್ಬಿನಿಂದ ಮತ್ತೊಂದು ದೇಶದ ಕ್ಲಬ್ಬಿಗೆ ವರ್ಗವಾದರೆ, ಆ ಹಣದಲ್ಲಿ ಶೇಕಡ 5 ಭಾಗವು ಅವನನ್ನು 12ರಿಂದ 23ನೆಯ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಸಲ್ಲಬೇಕು. 12ರಿಂದ 15ರವರೆಗಿನ ಒಂದೊಂದು ವರ್ಷಕ್ಕೆ ಶೇಕಡ 0.25, ಅನಂತರದ ಒಂದೊಂದು ವರ್ಷಕ್ಕೆ ಶೇಕಡ 0.5. ಈಗ ಗಣಿಸಿ ನೋಡೋಣ. ನಮ್ಮಲ್ಲಿ ಆ ನಾಲ್ಕು ಎಳೆಯ ವರ್ಷಗಳನ್ನು ಕಳೆದ ಹುಡುಗ ಮುಂದೊಂದು ದಿನ ಒಂದು ಕೋಟಿ ರೂಪಾಯಿಗೆ ಪರದೇಶದ ಕ್ಲಬ್ಬಿಗೆ ಹೋದನೆನ್ನಿ. ನಮ್ಮ ಪಾಲಿಗೆ ಬರುವುದು ಶೇಕಡ ಒಂದು, ಎಂದರೆ ಒಂದು ಲಕ್ಷ ರೂಪಾಯಿ. ಭಾರತದಿಂದ ಹಾಗೆ ಹಣಕ್ಕೆ ಹೊರದೇಶಕ್ಕೆ ಹೋಗುವ ಆಟಗಾರರು ಅತಿ ವಿರಳರು. ದೇಶದೊಳಗೂ ಬಹುಮಂದಿ ಒಪ್ಪಂದ ಮುಗಿದ ಮೇಲೆಯೇ ಕ್ಲಬ್ಬು ಬದಲಿಸುವುದರಿಂದ ವರ್ಗಾವಣೆಯ ಹಣದ ಪ್ರಶ್ನೆಯೇ ಏಳುವುದಿಲ್ಲ. ಮೊದಲ ವೃತ್ತಿಪರ ಒಪ್ಪಂದದ ಕಾಲದಲ್ಲಿ ಸಲ್ಲುವ ತರಬೇತಿ ಪರಿಹಾರವೆಂಬುದು ಬೇರೆ ಇದೆಯಾದರೂ, ಅದು ಯಾವ ವರ್ಷ, ಯಾವ ಹುಡುಗನಿಂದ ಬಂದೀತೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಸಂಪದ್ಭರಿತವಾದ ದೇಶಗಳಲ್ಲಿಯೂ ಸಣ್ಣ ಕ್ಲಬ್ಬುಗಳ ಪಾಡು ಇದಕ್ಕಿಂತ ಬಹಳ ಭಿನ್ನವಲ್ಲ. ಲಂಡನ್ನಿನ ಬ್ರೆಂಟ್‌ಫರ್ಡ್ ಕ್ಲಬ್ಬು 2016ರಲ್ಲಿ ತನ್ನ ಅಕಾಡೆಮಿಯನ್ನೇ ಮುಚ್ಚಿತು. ತಾನು ವರ್ಷಗಟ್ಟಲೆ ತಿದ್ದಿದ ಬಾಲಕರನ್ನು ದೊಡ್ಡ ಕ್ಲಬ್ಬುಗಳು ಅಲ್ಪ ಪರಿಹಾರಕ್ಕೆ ಕರೆದೊಯ್ಯುವಾಗ ವೆಚ್ಚವನ್ನು ಸಮರ್ಥಿಸುವುದು ಅದಕ್ಕೆ ಕಷ್ಟವಾಗಿತ್ತು. ಕೆಲವು ವರ್ಷಗಳ ಬಳಿಕ ಪ್ರೀಮಿಯರ್ ಲೀಗಿಗೆ ಏರಿದ ಮೇಲೆ ಅದು ಮತ್ತೆ ಅಕಾಡೆಮಿಯನ್ನು ಆರಂಭಿಸಿತು. ಆಟಗಾರನ ಬೆಲೆಯನ್ನು ನಂಬಿ ನಡೆಯುವ ಶಾಲೆ ಎಷ್ಟು ದುರ್ಬಲವಾದ ತಳಹದಿಯ ಮೇಲೆ ನಿಂತಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೂ ಆ ಅನಿಶ್ಚಿತ ಧನಕ್ಕೆ ಅರ್ಹರಾಗಿರುವುದು ನಮ್ಮ ಕರ್ತವ್ಯ. ಅದಕ್ಕೆ ತಗಲುವ ಖರ್ಚು ಕಾಗದದ್ದು ಮಾತ್ರ. ಶಾಲೆಯ ತಂಡದಲ್ಲಷ್ಟೇ ಆಡಿ, ಫೆಡರೇಷನ್ನಿನ ನೋಂದಣಿ ವ್ಯವಸ್ಥೆಯಲ್ಲಿ ಕ್ಲಬ್ಬಿನ ಹೆಸರಿನಡಿ ದಾಖಲಾಗದ ಹುಡುಗನನ್ನು ನಾವು ತಿದ್ದಿದೆವೆಂಬುದಕ್ಕೆ ಜಗತ್ತಿನಲ್ಲಿ ಯಾವ ಪ್ರಮಾಣವೂ ಉಳಿಯುವುದಿಲ್ಲ. ಆದ್ದರಿಂದ ಜನನ ಪ್ರಮಾಣಪತ್ರ, ಆಧಾರ್, ಪಾಲಕರ ಒಪ್ಪಿಗೆ, ಪ್ರತಿ ವರ್ಷದ ನೋಂದಣಿ ಇವುಗಳನ್ನು ಆಟದಷ್ಟೇ ಶ್ರದ್ಧೆಯಿಂದ ನೋಡಿಕೊಳ್ಳಬೇಕು. ವಯಸ್ಸಿನ ವಿಷಯದಲ್ಲಂತೂ ಪ್ರಾಮಾಣಿಕತೆಯೇ ಲಾಭ. ಹದಿನಾರರವನನ್ನು ಹದಿಮೂರರವನೆಂದು ಇಳಿಸಿ ಕಪ್ಪು ಗೆಲ್ಲುವ ತಂಡಗಳನ್ನು ನಾನು ಕಂಡಿದ್ದೇನೆ. ಮೂಳೆಯ ವಯಸ್ಸನ್ನು ಅಳೆಯುವ ಪರೀಕ್ಷೆಯ ಮುಂದೆ ಆ ಗೆಲುವು ನಿಲ್ಲದು, ನಿಜವಾಗಿ ಹದಿಮೂರರವನಾದ ಹುಡುಗನ ಸ್ಥಾನವೂ ಅಷ್ಟರೊಳಗೆ ನಷ್ಟವಾಗಿರುತ್ತದೆ.

ನಮ್ಮ ಜಿಲ್ಲೆಯಲ್ಲಿಯೇ ತೋರಣಗಲ್ಲಿನ ಸಮೀಪ ಉಕ್ಕಿನ ಕಾರ್ಖಾನೆಯ ವಿಜಯನಗರದಲ್ಲಿ 2018ರಲ್ಲಿ ಪ್ರಾರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ಬೆಂಗಳೂರು ಎಫ್.ಸಿ.ಯ ಕಿರಿಯರು ಅಲ್ಲಿ ವಾಸವಾಗಿದ್ದು ತರಬೇತಿ ಪಡೆದದ್ದುಂಟು. ಅಂಥ ಸಂಸ್ಥೆಯ ಹುಲ್ಲುಹಾಸನ್ನೂ ವೈದ್ಯಕೀಯ ಅನುಕೂಲಗಳನ್ನೂ ಸಣ್ಣ ಕ್ಲಬ್ಬು ಅನುಕರಿಸಲು ಹೊರಡುವುದು ಅವಿವೇಕ. ಆದರೆ ದೊಡ್ಡ ಕ್ಲಬ್ಬಿನಿಂದ ಕಲಿಯಬಹುದಾದ ಒಂದು ನೀತಿಯಿದೆ. 2025ರಲ್ಲಿ ಇಂಡಿಯನ್ ಸೂಪರ್ ಲೀಗಿನ ಭವಿಷ್ಯ ಅನಿಶ್ಚಿತವಾಗಿ, ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಪ್ರಥಮ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ತಡೆಹಿಡಿಯಬೇಕಾಗಿ ಬಂದಾಗ, ಕಿರಿಯರ ತಂಡಗಳ ಕೆಲಸಕ್ಕೆ ಅದರಿಂದ ಬಾಧೆಯಿಲ್ಲವೆಂದು ಪ್ರಕಟಿಸಿತು. ಮಕ್ಕಳ ಲೆಕ್ಕ ಬೇರೆ, ಹಿರಿಯರ ತಂಡದ ಲೆಕ್ಕ ಬೇರೆ ಎಂಬ ಈ ವಿವೇಕ ಸಣ್ಣ ಕ್ಲಬ್ಬುಗಳಿಗೆ ಇನ್ನೂ ಅಗತ್ಯವಾದದ್ದು; ಏಕೆಂದರೆ ಹಿರಿಯರ ತಂಡ ದೂರದ ಪಂದ್ಯಾವಳಿಗೆ ಹೊರಟ ತಿಂಗಳಿನಲ್ಲಿ ಮಕ್ಕಳ ಮೊಟ್ಟೆಯ ಹಣವೇ ಮೊದಲು ಕರಗುವುದು. ಎರಡು ಬ್ಯಾಂಕ್ ಖಾತೆಗಳನ್ನು ತೆರೆದು, ಒಂದರಿಂದ ಇನ್ನೊಂದಕ್ಕೆ ಸಾಲ ಕೊಡಕೂಡದೆಂದು ಠರಾವು ಮಾಡಿದ ಮೇಲೆಯೇ ನಮ್ಮಲ್ಲಿ ಈ ವ್ಯಾಧಿ ಶಮನವಾಯಿತು.

ಹಾಗಾದರೆ ನಿತ್ಯವ್ಯಯಕ್ಕೆ ನಿತ್ಯಾದಾಯ ಎಲ್ಲಿಂದ ಬರಬೇಕು? ಪಾಲಕರ ಶುಲ್ಕ ಅದರ ಒಂದು ಭಾಗ. ಆದರೆ ಅದನ್ನು ಕೇಳುವ ಕಾಲವನ್ನು ಅರಿಯಬೇಕು. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದ ಮನೆಗಳಿಗೆ ಹಣ ಬರುವುದು ಸುಗ್ಗಿಯಲ್ಲಿ. ಜೀನ್ಸ್ ಹೊಲಿಯುವ ಬಳ್ಳಾರಿಯ ಮನೆಗಳಿಗೆ ವಾರದ ಬಟವಾಡೆಯಲ್ಲಿ. ತಿಂಗಳ ಐದನೆಯ ತಾರೀಖಿಗೆ ಎಲ್ಲರೂ ಶುಲ್ಕ ಕೊಡಬೇಕೆಂಬ ನಿಯಮ ಈ ಎರಡು ಬಗೆಯ ಸಂಸಾರಗಳಿಗೂ ಒಗ್ಗದು. "ಆಟ ಆಡ್ಲಿ ಸಾರ್, ಬ್ಯಾಡ ಅನ್ನಂಗಿಲ್ಲ. ನಾಟಿ ಟೈಮಿನ್ಯಾಗ ಮಾತ್ರ ರೊಕ್ಕಾನೂ ಕೇಳಬ್ಯಾಡ್ರಿ, ಹುಡುಗನ್ನೂ ಕೇಳಬ್ಯಾಡ್ರಿ" ಎಂದು ಒಬ್ಬ ರೈತರು ಹೇಳಿದ ಮಾತಿನಲ್ಲಿ ನಮ್ಮ ವಾರ್ಷಿಕ ಕಾರ್ಯಕ್ರಮದ ಸೂತ್ರವೇ ಅಡಗಿತ್ತು. ಒಂದು ಕಡೆ ಸುಗ್ಗಿಯ ಬಳಿಕ ಇಡಿಗಂಟು, ಇನ್ನೊಂದು ಕಡೆ ವಾರಕ್ಕಿಷ್ಟೆಂದು ಸ್ವಲ್ಪ ಸ್ವಲ್ಪ, ಕೊಡಲಾರದ ಮನೆಯ ಮಕ್ಕಳಿಗೆ ಪೂರ್ತಿ ವಿನಾಯಿತಿ, ಹೀಗೆ ವಿಂಗಡಿಸಿದಾಗ ಬಾಕಿ ಬಹಳಮಟ್ಟಿಗೆ ಇಳಿಯಿತು.

ಎರಡನೆಯ ಮೂಲ ಉದ್ಯಮಗಳ ನೆರವು. 2013ರ ಕಂಪನಿ ಕಾಯಿದೆಯ 135ನೆಯ ಕಲಮು, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆಂದು ವಿಧಿಸುತ್ತದೆ. ಕ್ರೀಡಾ ತರಬೇತಿಯೂ ಆ ಕಾರ್ಯಗಳಲ್ಲಿ ಸೇರಿದೆ. ಗಣಿ ಮತ್ತು ಉಕ್ಕಿನ ಜಿಲ್ಲೆಯಲ್ಲಿ ಇದು ಸಾಮಾನ್ಯವಾದ ನಿಧಿಯಲ್ಲ. ಆದರೆ ಅದನ್ನು ಪಡೆಯಲು ಸಂಘವು ನೋಂದಾಯಿತವಾಗಿರಬೇಕು, ಆದಾಯ ತೆರಿಗೆಯ 12ಎ ಮತ್ತು 80ಜಿ ಮಾನ್ಯತೆ ಇರಬೇಕು, ಕನಿಷ್ಠ ಮೂರು ವರ್ಷಗಳ ಕಾರ್ಯಾನುಭವ ತೋರಿಸಬೇಕು. ಬಾಯಿಮಾತಿನಲ್ಲಿ ನಡೆದುಕೊಂಡು ಬಂದ ಎಷ್ಟೋ ಕ್ಲಬ್ಬುಗಳು ಈ ಹೊಸ್ತಿಲಲ್ಲಿಯೇ ನಿಂತುಬಿಡುತ್ತವೆ. ಲೆಕ್ಕಪರಿಶೋಧಕರಿಗೆ ತೆರುವ ಶುಲ್ಕ ಅವುಗಳಿಗೆ ಅನಗತ್ಯವಾದ ಖರ್ಚೆಂದು ತೋರುತ್ತದೆ. ನನ್ನ ಅನುಭವದಲ್ಲಿ ಅದಕ್ಕಿಂತ ಫಲಪ್ರದವಾದ ಖರ್ಚು ಮತ್ತೊಂದಿಲ್ಲ.

ಮೂರನೆಯದೂ ಶ್ರೇಷ್ಠವೂ ಆದದ್ದು ದತ್ತಿ. ಸಿಂದರು ಆಳಿದ ಕುರುಗೋಡಿನಲ್ಲಿ ಹಳೆಯ ಗುಡಿಗಳ ನಡುವೆ ಅಡ್ಡಾಡಿದವರಿಗೆ ನಮ್ಮ ಪೂರ್ವಿಕರು ದಾನವನ್ನು ಎಷ್ಟು ವಿವೇಕದಿಂದ ಮಾಡುತ್ತಿದ್ದರೆಂಬುದು ನೆನಪಾಗದಿರದು. ನಂದಾದೀವಿಗೆಗೆ ದಾನವಿತ್ತವರು ದೀಪವನ್ನಷ್ಟೆ ಕೊಟ್ಟು ಸುಮ್ಮನಾಗಲಿಲ್ಲ. ಅದರ ಎಣ್ಣೆಗೆಂದು ಗಾಣದ ಆಯವನ್ನೋ ಭೂಮಿಯನ್ನೋ ಬಿಟ್ಟುಕೊಟ್ಟು ಅದನ್ನು ಕಲ್ಲಿನಲ್ಲಿ ಬರೆಸಿದರು. ಕಾಲ್ಚೆಂಡು ಶಾಲೆಗೂ ಬೇಕಾದದ್ದು ಅಂಥದೇ ವಿವೇಕ. ಹತ್ತು ಲಕ್ಷ ರೂಪಾಯಿಯ ಠೇವಣಿ ಶೇಕಡ 7ರ ಬಡ್ಡಿಯೆಂದು ಹಿಡಿದರೆ ವರ್ಷಕ್ಕೆ 70,000 ರೂಪಾಯಿ ತರುತ್ತದೆ. ಕೋಚಿನ ಪೂರ್ತಿ ಸಂಬಳಕ್ಕೆ ಅದು ಸಾಲದಾದರೂ ಬಳ್ಳಾರಿಯಿಂದ ಸಿರುಗುಪ್ಪ, ಕುರುಗೋಡುಗಳಿಗೆ ಆತನನ್ನು ವರ್ಷವಿಡೀ ಕಳಿಸಲು ಸಾಕು, ಮತ್ತು ಮರುವರ್ಷವೂ ಅಷ್ಟೇ ನಿಶ್ಚಯವಾಗಿ ಬರುತ್ತದೆ. ಅಕ್ಕಿ ಗಿರಣಿಯ ಮಾಲೀಕರೊಬ್ಬರಿಗೆ ಈ ಲೆಕ್ಕವನ್ನು ವಿವರಿಸಿದಾಗ, ಪ್ರತಿ ವರ್ಷ ಕಪ್ಪಿಗೆ ಕೊಡುತ್ತಿದ್ದ ಹಣವನ್ನು ಅವರು ಠೇವಣಿಗೆ ತಿರುಗಿಸಿದರು.

ಕೊನೆಗೆ ಪ್ರತಿಫಲದ ಪ್ರಶ್ನೆ. ಹಿಂದಿನ ತಲೆಮಾರಿನ ಆಟಗಾರನಿಗೆ ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳ ತಂಡಗಳು ಉದ್ಯೋಗವನ್ನೇ ಕೊಡುತ್ತಿದ್ದುವು. ಆ ದಾರಿ ಈಗ ಬಹುಮಟ್ಟಿಗೆ ಕಿರಿದಾಗಿದೆ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಗೆದ್ದಾಗ ನಮ್ಮ ಮಕ್ಕಳು ಪಟ್ಟ ಆನಂದಕ್ಕೆ ಪಾರವಿರಲಿಲ್ಲ. ಆದರೂ ಅವರಲ್ಲಿ ಎಲ್ಲರೂ ಅಂಥ ತಂಡವನ್ನು ಸೇರುವರೆಂದು ಪಾಲಕರಿಗೆ ಆಸೆ ತೋರಿಸುವುದು ಧರ್ಮವಲ್ಲ. ಕೋಚು, ರೆಫರಿ, ದೈಹಿಕ ಶಿಕ್ಷಣದ ಉಪಾಧ್ಯಾಯ, ಅಥವಾ ದೇಹವನ್ನೂ ಕೋಪವನ್ನೂ ಹತೋಟಿಯಲ್ಲಿಟ್ಟುಕೊಂಡ ಒಬ್ಬ ಒಳ್ಳೆಯ ರೈತ, ಇವರಲ್ಲಿ ಯಾರಾದರೂ ಶಾಲೆಯ ಫಲವೇ. ಸಣ್ಣ ಊರಿನಲ್ಲಿ ಇಂಥ ಕಾರ್ಯಕ್ಕೆ ಕೈಹಾಕುವವರಿಗೆ ನಾನು ಹೇಳಬಹುದಾದದ್ದು ಇಷ್ಟು: ಜರ್ಸಿ ಹೊಲಿಸುವುದಕ್ಕೆ ಮುಂಚೆ ಕೋಚಿನ ಒಂದು ವರ್ಷದ ಸಂಬಳವನ್ನು ಬ್ಯಾಂಕಿನಲ್ಲಿಡಿ, ಎಷ್ಟು ಮಕ್ಕಳನ್ನು ತಪ್ಪದೆ ಮೂರು ವರ್ಷ ಸಾಕಬಲ್ಲಿರೋ ಅಷ್ಟನ್ನೇ ಸೇರಿಸಿಕೊಳ್ಳಿ, ಆಟಗಾರನಿಂದ ಎಂದಾದರೂ ಹಣ ಬಂದರೆ ಅದನ್ನು ಖರ್ಚಿಗೆ ಬಳಸದೆ ಮೂಲಧನಕ್ಕೆ ಸೇರಿಸಿ. ಹೀಗೆ ಮಾಡಿದ ಶಾಲೆ ಹೆಸರಾಂತ ಆಟಗಾರನನ್ನು ಕೊಡದೆ ಹೋದರೂ, ಮುಂದಿನ ವರ್ಷ ಬಾಗಿಲಿಗೆ ಬರುವ ಮಗುವನ್ನು ಹಿಂದಕ್ಕೆ ಕಳಿಸಬೇಕಾದ ದುಃಸ್ಥಿತಿಗೆ ಬರುವುದಿಲ್ಲ.